ಪಿಂಗಳಾ ಅಂದರೆ ಯಾವ ಬಣ್ಣ?

ಪ್ರಶ್ನೆ: ನಮ್ಮ ಮಗಳಿಗೆ ಈಗ ಐದು ವಾರ. ಉತ್ತರಾ ನಕ್ಷತ್ರ, ನಾಲ್ಕನೇ ಪಾದ. 'ಪಿ' ಅಕ್ಷರ ಬಂದಿದೆ. ಹುಟ್ಟಿದಾಗಿನಿಂದ ಅವಳ ಕೂದಲು ಕೆಂಚಗಿದೆ. ಕಣ್ಣೂ ಸ್ವಲ್ಪ ಜೇನಿನ ಬಣ್ಣ. 'ಪಿಂಗಳಾ' ಎಂಬ ಹೆಸರು ಎಲ್ಲೋ ಓದಿದ್ದೆ, ಅದನ್ನೇ ಇಡೋಣ ಅಂದೆ. ಅತ್ತೆ ಸುತರಾಂ ಒಪ್ಪುತ್ತಿಲ್ಲ. "ಅದು ಭಾಗವತದಲ್ಲಿ ಬರುವ ವೇಶ್ಯೆಯ ಹೆಸರು" ಅನ್ನುತ್ತಾರೆ. ನಮ್ಮ ಯಜಮಾನರು "ಅದು ಗಂಡಸಿನ ಹೆಸರು, ಛಂದಸ್ಸಿನ ಪಾಠದಲ್ಲಿ ಕೇಳಿದ್ದೆ" ಅನ್ನುತ್ತಾರೆ. ನಿಜವಾದ ಅರ್ಥ ಏನು? ಈ ಹೆಸರು ಬಳಕೆಯಲ್ಲಿದೆಯಾ? ಇಡಬಹುದಾ?

ಉತ್ತರ: ನಿಮ್ಮ ಅತ್ತೆ ಹೇಳಿದ್ದು ಸುಳ್ಳಲ್ಲ. ನಿಮ್ಮ ಯಜಮಾನರು ಹೇಳಿದ್ದೂ ಸುಳ್ಳಲ್ಲ. ಆದರೆ ಇಬ್ಬರೂ ಹೇಳುತ್ತಿರುವುದು ಆ ಹೆಸರು ಹೊತ್ತವರ ಕಥೆ. ಹೆಸರಿನ ಅರ್ಥ ಬೇರೆ, ಅದು ತೀರಾ ಸರಳ. ಪಿಂಗಳ ಅಂದರೆ ಒಂದು ಬಣ್ಣ. ಅಚ್ಚ ಕನ್ನಡದಲ್ಲಿ ಅದಕ್ಕೆ ಕೆಂಚು ಅನ್ನುತ್ತೇವೆ. ನಿಮ್ಮ ಪತ್ರದಲ್ಲೇ ಮಗುವಿನ ಕೂದಲು 'ಕೆಂಚಗಿದೆ' ಎಂದು ಬರೆದಿದ್ದೀರಲ್ಲ, ಗೊತ್ತಿಲ್ಲದೆಯೇ ಹೆಸರನ್ನು ಅನುವಾದ ಮಾಡಿಬಿಟ್ಟಿದ್ದೀರಿ.

ಒಂದು ಜೇನಿನ ಬಾಟಲಿ ತಗೊಂಡು ಬೆಳಗಿನ ಬಿಸಿಲಿಗೆ ಹಿಡಿಯಿರಿ. ಅಂಚಿನಲ್ಲಿ ಹಳದಿ ಕಾಣುತ್ತದೆ. ನಡುವೆ, ಜೇನು ದಪ್ಪಗಿರುವ ಕಡೆ, ಕೆಂಪು ಬೆರೆತ ಕಂದು. ಬಾಟಲಿ ಅಲ್ಲಾಡಿಸಿದರೆ ಎರಡೂ ಒಂದರೊಳಗೊಂದು ಓಡಾಡುತ್ತವೆ. ಈ ಅಷ್ಟೂ ಹರವು ಸೇರಿ ಪಿಂಗಳ. ಹಳೆಯ ಸಂಸ್ಕೃತದ ಬಣ್ಣದ ಪದಗಳು ಪೇಂಟ್ ಅಂಗಡಿಯ ಕಾರ್ಡಿನ ಹಾಗೆ ಒಂದು ಚೌಕಕ್ಕೆ ಒಂದು ಹೆಸರು ಅಂತ ಇರುವುದಿಲ್ಲ. ಬಣ್ಣದ ಜೊತೆಗೆ ಹೊಳಪನ್ನೂ ಹೇಳುತ್ತವೆ. ಹಾಗಾಗಿ ಸಿಂಹದ ಕೇಸರ, ಬೆಂಕಿಯ ಜ್ವಾಲೆ, ಕೋತಿಯ ಕಣ್ಣು, ಬಂಗಾರದ ಮೈಬಣ್ಣ ಎಲ್ಲಕ್ಕೂ ಇದೇ ಪದ ಸಲ್ಲುತ್ತದೆ. ಪಂಚತಂತ್ರದಲ್ಲಿ ಎತ್ತಿನ ಗುಟುರು ಕೇಳಿ ಹೆದರಿಕೊಳ್ಳುವ ಸಿಂಹರಾಜ ಇದ್ದಾನಲ್ಲ, ಅವನ ಹೆಸರು ಪಿಂಗಲಕ. ಸಿಂಹಕ್ಕೆ ಕೆಂಚಪ್ಪ ಅಂತ ಕರೆದ ಹಾಗೆ. ಹನುಮಂತನ ಹನ್ನೆರಡು ಹೆಸರಿನ ಶ್ಲೋಕದಲ್ಲಿ 'ಪಿಂಗಾಕ್ಷ' ಬರುತ್ತದೆ. ಅದೂ ಇದೇ ಬಣ್ಣದ ಕಣ್ಣು.

ಅಮರಕೋಶದಲ್ಲಿ ಈ ಬಣ್ಣಕ್ಕೆ ಒಂದೇ ಸಾಲಿನಲ್ಲಿ ಆರು ಹೆಸರು ಕೊಟ್ಟಿದ್ದಾರೆ: ಕಡಾರ, ಕಪಿಲ, ಪಿಂಗ, ಪಿಶಂಗ, ಕದ್ರು, ಪಿಂಗಲ. ನನಗೆ ಈ ಸಾಲು ಬಹಳ ಇಷ್ಟ. ಅದರಲ್ಲಿ ಎರಡನೆಯದನ್ನು ನೋಡಿ. ಕಪಿಲ! ನಮ್ಮಲ್ಲಿ ಎಷ್ಟು ಜನ ಕಪಿಲ್ ಇಲ್ಲ? ಸಾಂಖ್ಯ ಹೇಳಿದ ಕಪಿಲ ಮುನಿಯಿಂದ ಹಿಡಿದು 1983ರಲ್ಲಿ ವಿಶ್ವಕಪ್ ಎತ್ತಿದ ಕಪಿಲ್ ದೇವ್‌ವರೆಗೆ. ನಂಜನಗೂಡಿನ ಪಕ್ಕ ಹರಿಯುವ ಹೊಳೆ ಕಪಿಲಾ. ಬುದ್ಧ ಬೆಳೆದ ಊರು ಕಪಿಲವಸ್ತು. ಕೊಟ್ಟಿಗೆಯಲ್ಲಿ ಕಪಿಲೆ ಹಸು. ಅದೇ ಸಾಲಿನ ಐದನೆಯ ಪದ ಕದ್ರು, ಹಾವುಗಳ ತಾಯಿ. ಅವಳ ಹೆಸರನ್ನು ಯಾರೂ ಮಗುವಿಗೆ ಇಡುವುದಿಲ್ಲ. ಒಂದೇ ಬಣ್ಣ, ಒಂದೇ ಅರ್ಥ. ಒಂದು ಹೆಸರು ಮನೆಮನೆಗೆ ಬಂತು, ಒಂದು ಕಥೆಯಲ್ಲೇ ಉಳಿಯಿತು. ಪಿಂಗಳಾ ಇವೆರಡರ ನಡುವೆ ಎಲ್ಲೋ ನಿಂತಿದೆ.

ಈಗ ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಹೇಳಿದ ಪಿಂಗಳೆ ಭಾಗವತದ 11ನೇ ಸ್ಕಂಧದಲ್ಲಿ ಬರುತ್ತಾಳೆ. ವಿದೇಹ ನಗರದ ವೇಶ್ಯೆ. ಒಂದು ಸಂಜೆ ಸಿಂಗಾರ ಮಾಡಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ದಾರಿಯಲ್ಲಿ ಹೋಗುವ ಒಬ್ಬೊಬ್ಬನನ್ನೂ ನೋಡಿ, ಇವನು ಬರಬಹುದು, ಇವನ ಹತ್ತಿರ ದುಡ್ಡಿರಬಹುದು ಅಂದುಕೊಳ್ಳುತ್ತಾಳೆ. ಯಾರೂ ಬರುವುದಿಲ್ಲ. ಒಳಗೆ ಹೋಗುತ್ತಾಳೆ, ಮತ್ತೆ ಹೊರಗೆ ಬರುತ್ತಾಳೆ. ಹೀಗೇ ನಡುರಾತ್ರಿ ಆಗುತ್ತದೆ. ಬಾಯಿ ಒಣಗುತ್ತದೆ, ಮನಸ್ಸು ಸೋಲುತ್ತದೆ. ಆ ಸೋಲಿನಲ್ಲೇ ಅವಳಿಗೆ ಥಟ್ಟನೆ ಏನೋ ಹೊಳೆಯುತ್ತದೆ. ಇಷ್ಟು ದಿನ ಯಾರಿಗಾಗಿ ಕಾದೆ, ಯಾಕಾಗಿ ಕಾದೆ ಅಂತ. ಕಾಯುವುದನ್ನೇ ಬಿಟ್ಟುಬಿಡುತ್ತಾಳೆ. ಆಸೆ ಬಿಟ್ಟ ಮೇಲೆ ಹಾಸಿಗೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ.

ಈ ಕಥೆಯನ್ನು ಹೇಳುವವನು ಒಬ್ಬ ಅವಧೂತ, ಯದು ರಾಜನಿಗೆ. ತನಗೆ 24 ಗುರುಗಳು ಅನ್ನುತ್ತಾನೆ. ಭೂಮಿ, ಗಾಳಿ, ಸಮುದ್ರ, ಜೇನುನೊಣ, ಆನೆ, ಮೀನು ಹೀಗೆ. ಆ ಪಟ್ಟಿಯಲ್ಲಿ ಮನುಷ್ಯರು ನಾಲ್ಕೈದು ಜನ ಮಾತ್ರ. ಅವರಲ್ಲಿ ಹೆಸರು ಹಿಡಿದು ಹೇಳುವುದು ಪಿಂಗಳೆಯನ್ನು. ಬಾಣ ಮಾಡುವವನಿಗೆ ಹೆಸರಿಲ್ಲ, ಬಳೆ ಸದ್ದಾಗಬಾರದು ಅಂತ ಒಂದೊಂದೇ ಒಡೆದುಹಾಕುವ ಹುಡುಗಿಗೂ ಹೆಸರಿಲ್ಲ. ಅಂದರೆ ಭಾಗವತ ಅವಳನ್ನು ಬೈಯಲು ನೆನೆಸಿಕೊಂಡಿಲ್ಲ, ಗುರು ಅಂತ ನೆನೆಸಿಕೊಂಡಿದೆ. ಅತ್ತೆಯವರಿಗೆ ಕಥೆಯ ಮೊದಲರ್ಧ ನೆನಪಿದೆ, ಎರಡನೇ ಅರ್ಧ ಮರೆತಿದೆ. ನಮ್ಮಲ್ಲಿ ಹೆಂಗಸರ ಕಥೆಗಳಿಗೆ ಹೀಗೆ ಆಗುವುದು ಜಾಸ್ತಿ, ಅಲ್ವಾ?

ಇದೂ ಸಾಲದಿದ್ದರೆ ಇನ್ನೊಂದು ಸಾಕ್ಷಿ ನಿಮ್ಮ ಮನೆಯ ದೇವರಕೋಣೆಯಲ್ಲೇ ಇರಬಹುದು. ವರಮಹಾಲಕ್ಷ್ಮಿ ಹಬ್ಬದ ದಿನ ಶ್ರೀಸೂಕ್ತ ಹೇಳುತ್ತೀರಾ? ಪುಸ್ತಕ ತೆಗೆದು 'ಆರ್ದ್ರಾಂ ಪುಷ್ಕರಿಣೀಂ' ಎಂದು ಶುರುವಾಗುವ ಸಾಲನ್ನು ನೋಡಿ. 'ಆರ್ದ್ರಾಂ ಪುಷ್ಕರಿಣೀಂ ಪುಷ್ಟಿಂ ಪಿಂಗಲಾಂ ಪದ್ಮಮಾಲಿನೀಂ'. ಲಕ್ಷ್ಮಿಯನ್ನೇ ಪಿಂಗಲಾ ಎಂದು ಕರೆದಿದ್ದಾರೆ. ಅಲ್ಲಿ ಅದು ಬಂಗಾರದ ಛಾಯೆ. ಮುಂದಿನ ಪದ, ಪದ್ಮಮಾಲಿನಿ, ಯಾರಾದರೂ ಇಟ್ಟರೆ ಎಲ್ಲರೂ ಆಹಾ ಅನ್ನುತ್ತಾರೆ. ಅದರ ಪಕ್ಕದಲ್ಲೇ ಕೂತ ಪಿಂಗಲಾ ಮಾತ್ರ ಬೇಡವಾ? ಈ ಸಾಲನ್ನು ಅತ್ತೆಯವರ ಬಾಯಿಂದಲೇ ಹೇಳಿಸಿ. ನೀವು ವಾದ ಮಾಡಬೇಕಾಗಿಲ್ಲ.

ಆದರೆ ನಾನು ವಕೀಲನ ಹಾಗೆ ಒಂದೇ ಪಕ್ಷ ಹೇಳಬಾರದು. ಈ ಹೆಸರಿನ ವಿರುದ್ಧ ಇರುವುದನ್ನೂ ಹೇಳುತ್ತೇನೆ, ನಾಳೆ ಯಾರಾದರೂ ತೆಗೆದು ತೋರಿಸಿದರೆ ನಿಮಗೆ ಗಾಬರಿ ಆಗಬಾರದು. ಮನುಸ್ಮೃತಿಯ 3ನೇ ಅಧ್ಯಾಯದಲ್ಲಿ ಎಂಥ ಹುಡುಗಿಯನ್ನು ಮದುವೆ ಆಗಬಾರದು ಅಂತ ಒಂದು ಪಟ್ಟಿ ಇದೆ. ಅದರಲ್ಲಿ 'ಕಪಿಲಾ' ಮತ್ತು 'ಪಿಂಗಲಾ' ಎರಡೂ ಇವೆ. ಇವು ಅಲ್ಲಿ ಹೆಸರುಗಳಲ್ಲ. ಕೆಂಚು ಕೂದಲಿನವಳು, ಕೆಂಚು ಕಣ್ಣಿನವಳು ಎಂದರ್ಥ. ಜಾಸ್ತಿ ಮಾತಾಡುವವಳೂ ಅದೇ ಪಟ್ಟಿಯಲ್ಲಿದ್ದಾಳೆ. ಬೆಕ್ಕಿನ ಕಣ್ಣಿನ ಹುಡುಗಿಯನ್ನು ನೋಡಿ ಇವತ್ತಿಗೂ ಕೆಲವರು ಮೂಗು ಮುರಿಯುತ್ತಾರಲ್ಲ, ಆ ಬುದ್ಧಿ ಎಷ್ಟು ಹಳೆಯದು ಅಂತ ಇದರಿಂದ ಗೊತ್ತಾಗುತ್ತದೆ.

ಮುಂದಿನ ಶ್ಲೋಕ ಇನ್ನೂ ತಮಾಷೆಯಾಗಿದೆ. ನಕ್ಷತ್ರದ ಹೆಸರು, ಮರದ ಹೆಸರು, ನದಿಯ ಹೆಸರು, ಬೆಟ್ಟದ ಹೆಸರು, ಹಕ್ಕಿಯ ಹೆಸರು ಇರುವ ಹುಡುಗಿಯನ್ನೂ ಮದುವೆ ಆಗಬಾರದಂತೆ. ಹಾಗಾದರೆ ರೋಹಿಣಿ ಹೋದಳು, ರೇವತಿ ಹೋದಳು, ಗಂಗಾ, ಯಮುನಾ, ಕಾವೇರಿ, ತುಂಗಾ ಎಲ್ಲರೂ ಹೋದರು. ಆ ಮಾತನ್ನು ನಮ್ಮ ಹಿರಿಯರು ಎಷ್ಟು ಲೆಕ್ಕಕ್ಕೆ ಇಟ್ಟರು ಎನ್ನುವುದು ನಿಮ್ಮ ಸುತ್ತಲಿನ ಕಾವೇರಿ, ರೇವತಿಯರನ್ನು ನೋಡಿದರೆ ತಿಳಿಯುತ್ತದೆ.

ಇನ್ನೊಬ್ಬ ಪಿಂಗಳಾ ಉತ್ತರ ಭಾರತದ ಜನಪದ ಕಥೆಗಳಲ್ಲಿದ್ದಾಳೆ. ಭರ್ತೃಹರಿ ರಾಜನ ರಾಣಿ. ಒಂದು ಕಡೆಯ ಕಥೆಯಲ್ಲಿ ಅವಳು ಗಂಡನಿಗೆ ಮೋಸ ಮಾಡುತ್ತಾಳೆ. ಇನ್ನೊಂದು ಕಡೆ, ಗಂಡ ಸತ್ತ ಅಂತ ಸುಳ್ಳು ಸುದ್ದಿ ಕೇಳಿಯೇ ಪ್ರಾಣ ಬಿಡುವಷ್ಟು ನಿಷ್ಠೆಯವಳು. ಎರಡೂ ಕಥೆ ನಮ್ಮ ಕಡೆ ಅಷ್ಟಾಗಿ ಓಡಾಡಿಲ್ಲ. ಮುಂದೆ ಮಗಳು ಆ ಕಡೆ ಓದಲೋ ಕೆಲಸಕ್ಕೋ ಹೋದರೆ ಯಾರಾದರೂ "ಓ, ರಾಣಿ ಪಿಂಗ್ಲಾ!" ಅನ್ನಬಹುದು, ಅಷ್ಟೇ.

ಯಜಮಾನರ ಆಕ್ಷೇಪ ಸಣ್ಣದು. ಛಂದಶ್ಶಾಸ್ತ್ರ ಬರೆದ ಪಿಂಗಳ ಗಂಡಸು, ನಿಜ. ಲಘು, ಗುರು ಎರಡೇ ಗುರುತು ಇಟ್ಟುಕೊಂಡು ಎಷ್ಟು ಬಗೆಯ ಸಾಲು ಆಗಬಹುದು ಎಂದು ಸಾಲಾಗಿ ಬರೆದು ತೋರಿಸಿದವನು. ನಾವು 'ಯಮಾತಾರಾಜಭಾನಸಲಗಂ' ಅಂತ ಬಾಯಿಪಾಠ ಮಾಡಿದ ಎಂಟು ಗಣಗಳ ಲೆಕ್ಕವೂ ಅದೇ. ಮೂರು ಅಕ್ಷರ, ಒಂದೊಂದಕ್ಕೂ ಎರಡು ದಾರಿ, ಎರಡೆರಡ್ಲ ನಾಲ್ಕು, ನಾಲ್ಕೆರಡ್ಲ ಎಂಟು. ಇವತ್ತಿನ ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕಕ್ಕೆ ಇದು ಅಣ್ಣನ ಹಾಗಿದೆ ಅಂತ ಗಣಿತದವರು ಇವನನ್ನು ಆಗಾಗ ನೆನೆಸಿಕೊಳ್ಳುತ್ತಾರೆ. ಇಂಥವನ ಹೆಸರು ಮಗಳಿಗೆ ಸೇರಿದರೆ ನಷ್ಟ ಏನು? ವ್ಯಾಕರಣ ಸುಲಭ: ಗಂಡಿಗೆ ಪಿಂಗಳ, ಹೆಣ್ಣಿಗೆ ಪಿಂಗಳಾ ಅಥವಾ ಪಿಂಗಳೆ. ಶ್ಯಾಮಲ, ಶ್ಯಾಮಲಾ ಇದ್ದ ಹಾಗೆ. ಯೋಗದಲ್ಲೂ ಇಡಾ, ಪಿಂಗಳಾ ಅಂತಲೇ ಹೇಳುವುದು, ದೀರ್ಘ ಹಚ್ಚಿ. ಬಲ ಮೂಗಿನ ಹೊಳ್ಳೆಯದು ಪಿಂಗಳಾ ನಾಡಿ, ಸೂರ್ಯನದು. ಎಡದ್ದು ಇಡಾ, ಚಂದ್ರನದು. ಪ್ರಾಣಾಯಾಮದ ಕ್ಲಾಸಿಗೆ ಹೋದವರಿಗೆ ಈ ಹೆಸರು ಹೊಸದಾಗಿ ಕೇಳಿಸುವುದಿಲ್ಲ.

ಬಳಕೆ ಎಷ್ಟಿದೆ ಅಂತ ಕೇಳಿದ್ದೀರಿ. ಅಮೆರಿಕದಲ್ಲಿ ಅಲ್ಲಿನ ಸೋಶಿಯಲ್ ಸೆಕ್ಯುರಿಟಿ ಇಲಾಖೆ ವರ್ಷಕ್ಕೊಮ್ಮೆ ಮಕ್ಕಳ ಹೆಸರಿನ ಲೆಕ್ಕ ಹಾಕಿ ಪ್ರಕಟಿಸುತ್ತದೆ. 1880ರಿಂದ ಈಚಿನ ಲೆಕ್ಕ ಸಿಗುತ್ತದೆ. ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಅದರಲ್ಲಿ ತೋರಿಸುವುದಿಲ್ಲ. ನಮ್ಮ ದೇಶದಲ್ಲಿ ಅಂಥ ಸರ್ಕಾರಿ ರ‍್ಯಾಂಕ್ ಪಟ್ಟಿ ಇಲ್ಲ. "ಭಾರತದಲ್ಲಿ ಈ ಹೆಸರು 412ನೇ ಸ್ಥಾನದಲ್ಲಿದೆ" ಅಂತ ಯಾವುದಾದರೂ ಆ್ಯಪ್ ಹೇಳಿದರೆ ಅದು ಆ ಆ್ಯಪ್ ಒಳಗಿನ ಕ್ಲಿಕ್ಕುಗಳ ಲೆಕ್ಕ ಅಂದುಕೊಳ್ಳಿ. ಹಾಗಾಗಿ ನಾನು ಕಂಡದ್ದನ್ನು ಹೇಳುತ್ತೇನೆ. ಪಾಠ ಮಾಡಿದಷ್ಟು ವರ್ಷ ಹಾಜರಿ ಪುಸ್ತಕ ಕೂಗಿದ್ದೇನೆ. ಅರುಣಾ, ಶ್ವೇತಾ, ನೀಲಾ, ಗೌರಿ, ಶ್ಯಾಮಲಾ, ಕೃಷ್ಣವೇಣಿ ಎಲ್ಲ ಬಂದರು. ಎಲ್ಲವೂ ಬಣ್ಣದ ಹೆಸರೇ. ಪಿಂಗಳಾ ಒಬ್ಬಳೂ ಬರಲಿಲ್ಲ. ಕಿವಿಗೆ ಹತ್ತಿರ ಕೇಳಿಸುವ ಮನೆತನದ ಹೆಸರುಗಳು ಮಾತ್ರ ಇವೆ. ತೆಲುಗರಲ್ಲಿ ಪಿಂಗಳಿ, ರಾಷ್ಟ್ರಧ್ವಜದ ವಿನ್ಯಾಸಕ್ಕೆ ಹೆಸರಾದ ಪಿಂಗಳಿ ವೆಂಕಯ್ಯ ಇದ್ದರಲ್ಲ. ಮರಾಠಿಗರಲ್ಲಿ ಪಿಂಗಳೆ, ಶಿವಾಜಿಯ ಪೇಶ್ವೆ ಮೋರೋಪಂತ ಪಿಂಗಳೆ.

ಬಣ್ಣದ ಹೆಸರು ಹಳೆಯದಾದರೆ ಅದರೊಳಗಿನ ಬಣ್ಣ ಮಾಸಿಹೋಗುತ್ತದೆ, ಇದು ಇನ್ನೊಂದು ವಿಚಿತ್ರ. ಅರ್ಜುನ ಅಂದರೆ ಬಿಳಿ. ಪಾಂಡು ಅಂದರೆ ಬಿಳಿಚು. ರೋಹಿತ ಅಂದರೆ ಕೆಂಪು. ಬಭ್ರುವಾಹನನ 'ಬಭ್ರು' ಅಂದರೆ ಕಂದು. ಯಾರಿಗೆ ಈಗ ಇದು ಹೊಳೆಯುತ್ತದೆ? ಕಪ್ಪಗಿರುವ ಗೌರಿಯರು, ಹಾಲಿನಂಥ ಕೃಷ್ಣಂದಿರು ಊರ ತುಂಬ ಇದ್ದಾರೆ. ಪಿಂಗಳಾ ಹೆಚ್ಚು ಬಳಕೆಯಾಗಿಲ್ಲ, ಅದಕ್ಕೇ ಅದರಲ್ಲಿ ಬಣ್ಣ ಇನ್ನೂ ಉಳಿದಿದೆ. ನನಗೆ ಈ ಹೆಸರು ಇಷ್ಟವಾಗುವುದೂ ಇದಕ್ಕೇ.

ಇಲ್ಲಿ ಒಂದು ಹಳೆಯ ನೆನಪು ಹೇಳಬೇಕು. ಹತ್ತನೇ ತರಗತಿ ಮಕ್ಕಳ ಪರೀಕ್ಷಾ ಅರ್ಜಿ ತುಂಬಿಸುತ್ತಿದ್ದೆವು. ಕೆಂಚಮ್ಮ ಅಂತ ಒಬ್ಬ ಹುಡುಗಿ ಇದ್ದಳು. ಮೂರನೇ ಬೆಂಚು, ಯಾವಾಗಲೂ ಹಸಿರು ಶಾಯಿಯ ಪೆನ್ನು. ಅರ್ಜಿ ನನ್ನ ಮುಂದೆ ಇಟ್ಟು ನಿಂತೇ ಇದ್ದಳು. ಹೆಸರಿನ ಜಾಗ ಖಾಲಿ. "ಯಾಕಮ್ಮ?" ಅಂದೆ. "ಸಾರ್, ಕಾವ್ಯಾ ಅಂತ ಬರೀಲಾ?" ಅಂದಳು. ಕಾಲೇಜಿಗೆ ಹೋದರೆ ಎಲ್ಲರೂ ನಗುತ್ತಾರಂತೆ. ಹಾಗೆಲ್ಲ ಸುಮ್ನೆ ಬದಲಾಯಿಸಲು ಬರುವುದಿಲ್ಲ ಅಂತ ನಿಯಮ ಹೇಳಿ ಕಳಿಸಿದೆ. ಹೋಗಿ ಬೆಂಚಿನ ಮೇಲೆ ಕೂತು ಒಂದೊಂದೇ ಅಕ್ಷರ ಬರೆದಳು. ಅವತ್ತು ನಾನು ಅವಳಿಗೆ ಹೇಳಬೇಕಿತ್ತು: ನಿನ್ನ ಹೆಸರನ್ನೇ ಸಂಸ್ಕೃತದಲ್ಲಿ ಹೇಳಿದರೆ ಪಿಂಗಳಾ ಆಗುತ್ತದೆ, ಲಕ್ಷ್ಮಿಗೂ ಅದೇ ಹೆಸರಿದೆ ಅಂತ. ಹೊಳೆಯಲಿಲ್ಲ.

ಕೆಂಪು, ಕೆಂದಾವರೆ, ಕೆಂಗಣ್ಣು, ಕೆಂಚು ಎಲ್ಲ ಒಂದೇ ಬೇರಿನ ಪದಗಳು. ಕೆಂಪೇಗೌಡ ಅನ್ನುವಾಗ ಬೆಂಗಳೂರೇ ಎದೆಯುಬ್ಬಿಸುತ್ತದೆ. ಹಾಸನದ ಕಡೆ ಕೆಂಚಮ್ಮ ದೇವತೆ, ಆಲೂರು ತಾಲ್ಲೂಕಿನಲ್ಲಿ ಕೆಂಚಮ್ಮನ ಹೊಸಕೋಟೆ ಅಂತ ಊರೇ ಇದೆ. ಆದರೂ ಕೆಂಚಮ್ಮ ಅಂದರೆ ಹಳ್ಳಿ ಹೆಸರು, ಪಿಂಗಳಾ ಅಂದರೆ ಅಪರೂಪದ ಹೆಸರು. ಬಣ್ಣ ಒಂದೇ, ನಮ್ಮ ಕಿವಿ ಎರಡು. ಪಿಂಗಳಾ ಇಡುತ್ತೀರಾದರೆ ಇದನ್ನು ಗೊತ್ತಿಟ್ಟುಕೊಂಡೇ ಇಡಿ. ಮಗಳು ದೊಡ್ಡವಳಾಗಿ ಅರ್ಥ ಕೇಳಿದಾಗ "ಗೋಲ್ಡನ್ ಬ್ರೌನ್" ಅನ್ನುವ ಬದಲು "ಕೆಂಚು" ಅನ್ನಿ.

ಇನ್ನು ಕೆಲವು ಸಣ್ಣಪುಟ್ಟ ವಿಷಯ. ಮಗುವಿನ ಕೂದಲನ್ನು ನೋಡಿ ಮಾತ್ರ ಹೆಸರು ಇಡುತ್ತಿದ್ದರೆ ಸ್ವಲ್ಪ ನಿಧಾನಿಸಿ. ಹುಟ್ಟುಗೂದಲು ಉದುರಿ ಬೇರೆ ಬರುತ್ತದೆ, ವಯಸ್ಸಿನ ಜೊತೆ ಕಪ್ಪಾಗುವುದೂ ಮಾಮೂಲು. ಕಣ್ಣಿನ ಬಣ್ಣವೂ ಮೊದಲ ವರ್ಷದಲ್ಲಿ ಗಾಢವಾಗಬಹುದು. ಪಿಂಗಳಾ ಶಾಲೆಗೆ ಸೇರುವ ಹೊತ್ತಿಗೆ ಅವಳ ತಲೆ ಕಾಡಿಗೆಯಷ್ಟು ಕಪ್ಪಾಗಿರಬಹುದು. ಅದರಿಂದ ಹೆಸರಿಗೇನೂ ಕುಂದಿಲ್ಲ, ನಿಮಗೆ ಬೇಜಾರಾಗಬಾರದು ಅಂತ ಹೇಳಿದೆ.

'ಪಿ' ಅಕ್ಷರದಲ್ಲಿ ಹೆಣ್ಣುಮಕ್ಕಳ ಹೆಸರು ಕಡಿಮೆ, ಇದು ನಿಜವಾದ ಕಷ್ಟ. ಪಿಯಾ, ಪಿಹು, ಪೀಯೂಷಾ, ಮುಗಿಯಿತು. ಎಲ್ಲರೂ ಅಲ್ಲೇ ಸುತ್ತುತ್ತಾರೆ. ಆ ಸಾಲಿನಲ್ಲಿ ಪಿಂಗಳಾ ಎದ್ದು ಕಾಣುತ್ತದೆ. ಪಂಚಾಂಗದಲ್ಲೂ ಅದಕ್ಕೊಂದು ಜಾಗ ಇದೆ. 60 ಸಂವತ್ಸರಗಳಲ್ಲಿ 51ನೆಯದು ಪಿಂಗಳ. ಹಿಂದಿನ ಸಲ ಬಂದದ್ದು 1977ರ ಯುಗಾದಿಗೆ. ಮತ್ತೆ ಬರುವುದು 2037ಕ್ಕೆ. ಆ ವರ್ಷ ಬೀದಿಬೀದಿಯ ಅಂಗಡಿಯಲ್ಲಿ 'ಶ್ರೀ ಪಿಂಗಳನಾಮ ಸಂವತ್ಸರದ ಪಂಚಾಂಗ' ತೂಗುಹಾಕಿರುತ್ತಾರೆ. ನಿಮ್ಮ ಹುಡುಗಿಗೆ ಆಗ ಅದನ್ನು ನೋಡಿ ನಗುವ ವಯಸ್ಸು.

ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲು ಹೋಗುವುದು 'ಳ'. ಅದನ್ನು ಉಳಿಸುವ ದಾರಿ ಇಲ್ಲ, ಬಿಡಿ. ಹಿಂದಿಯವರು ನಡುವಿನ ಸ್ವರ ನುಂಗಿ 'ಪಿಂಗ್ಲಾ' ಅನ್ನುತ್ತಾರೆ. ಕೊನೆಗೆ ಒಂದೇ 'ಎ' ಹಾಕಿದರೆ ಗಂಡಿನ ಹೆಸರೋ ಹೆಣ್ಣಿನದೋ ತಿಳಿಯುವುದಿಲ್ಲ. ಎರಡು 'ಎ' ಹಾಕಿದರೆ ಬ್ಯಾಂಕು, ಪಾಸ್‌ಪೋರ್ಟು ಎಲ್ಲ ಕಡೆ ಪ್ರತಿ ಸಲ ಬಿಡಿಸಿ ಹೇಳಬೇಕು. ನಾನಾದರೆ ಒಂದೇ ಹಾಕುತ್ತೇನೆ. ಯಾವುದಾದರೂ ಸರಿ, ಮೊದಲೇ ತೀರ್ಮಾನಿಸಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಆಧಾರ್, ಲೈಸೆನ್ಸ್ ಎಲ್ಲದಕ್ಕೂ ಹುಟ್ಟಿದ ತಾರೀಖಿಗೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ತಪ್ಪಿದರೆ ಮುಂದೆ ಎಲ್ಲ ಕಡೆ ತಪ್ಪುತ್ತದೆ.

ಆತುರವೂ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಅದು ಆಸ್ಪತ್ರೆಯಿಂದ ಆಗಿರುತ್ತದೆ, ಒಮ್ಮೆ ವಿಚಾರಿಸಿ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ. ಹಾಗಾಗಿ ಅತ್ತೆಯವರ ಜೊತೆ ಜಗಳ ಬೇಡ. ವರಮಹಾಲಕ್ಷ್ಮಿ ಹಬ್ಬದವರೆಗೆ ಕಾಯಲು ಸಮಯ ಇದ್ದೇ ಇದೆ.

ಒಂದು ಎಚ್ಚರಿಕೆ ಮಾತ್ರ. ಈ ಹೆಸರನ್ನು ಯಾರೂ ಪೂರ್ತಿ ಕರೆಯುವುದಿಲ್ಲ. ಮೊದಲು ಪಿಂಗಿ ಅನ್ನುತ್ತಾರೆ. ಆಮೇಲೆ ಎದುರುಮನೆಯವರಿಗೆ ಅದು ಪಿಂಕಿ ಅಂತ ಕೇಳಿಸುತ್ತದೆ. ಅಲ್ಲಿಗೆ ಜೇನಿನ ಬಣ್ಣ ಹೋಗಿ ಗುಲಾಬಿ ಬಣ್ಣ ಬಂದಿರುತ್ತದೆ, ಮತ್ತೆ ಹಿಂದಕ್ಕೆ ತರಲು ಆಗುವುದಿಲ್ಲ. ಅದಕ್ಕೆ ಮುಂಚೆ ನೀವೇ ಒಂದು ಮುದ್ದಿನ ಹೆಸರು ರೂಢಿ ಮಾಡಿಬಿಡಿ. ನನ್ನನ್ನು ಕೇಳಿದರೆ, ಕೆಂಚಿ.